ಹಳದಿ ಬೊಟ್ಟು

9 ನವೆಂಬರ್ 1998, ಸೋಮವಾರ. ಹರಿಹರ

ರಿಟೈರ್ ಆಗಿ ಐದು ತಿಂಗಳಾದ ಮೇಲೆ ಇವತ್ತು ಬರೆಯುವಂಥದ್ದು ಏನೋ ನಡೆದಿದೆ. ಈ ಡೈರಿಯಲ್ಲಿ ಇದುವರೆಗೆ ಇದ್ದದ್ದು ಶುಗರ್ ಎಷ್ಟು, ಮಂಡಿನೋವು ಯಾವ ಕಾಲಿಗೆ, ಇಷ್ಟೆ.

ಬೆಳಿಗ್ಗೆ ಹತ್ತೂವರೆಗೆ ದಾವಣಗೆರೆಯಿಂದ ಒಂದು ಲಗೇಜ್ ಆಟೊ ಬಂದು ಗೇಟಿನ ಮುಂದೆ ನಿಂತಿತು. ಅದರಲ್ಲಿ ಅಪ್ಪನ ಲ್ಯಾಂಬ್ರೆಟಾ ಸ್ಕೂಟರ್ ಹಗ್ಗ ಬಿಗಿಸಿಕೊಂಡು ಒರಗಿತ್ತು. ಆಟೊದವನು ಕೊಟ್ಟ ಚೀಟಿಯಲ್ಲಿ ಹಾಲಮ್ಮನ ಅಕ್ಷರ: "ಭಾವನವರಿಗೆ ನಮಸ್ಕಾರಗಳು. ಇವರಿಗೆ ಲಕ್ವ ಹೊಡೆದು ಎರಡು ತಿಂಗಳಾಯಿತು. ಬಲಗೈ, ಬಲಗಾಲು ಬಿದ್ದಿವೆ. ಮಾತು ಅರ್ಧ. ಗಾಡಿ, ಅಣ್ಣ, ಇವೆರಡನ್ನೇ ದಿನಾ ಹೇಳುತ್ತಾರೆ. ಗಾಡಿ ನಿಂತು ನಾಲ್ಕು ವರ್ಷವಾಯಿತು. ನೀವು ರಿಪೇರಿ ಮಾಡಿ ಒಂದು ಸಲ ಅದರ ಶಬ್ದ ಕೇಳಿಸಬೇಕು. ಇನ್ನೊಮ್ಮೆ ಹೊಡೆದರೆ ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ."

ಹಾಲಮ್ಮ ನನ್ನ ಒಡಹುಟ್ಟಿದವನ ಹೆಂಡತಿ. ಅವನ ಹೆಸರು ವಾಮದೇವಪ್ಪ. ಈ ಪುಸ್ತಕದಲ್ಲಿ ಅವನ ಹೆಸರು ಬರೆಯುತ್ತಿರುವುದು ಇದೇ ಮೊದಲು, ಇದೇ ಕೊನೆಯೂ ಆಗಲಿ. ಹದಿನಾಲ್ಕು ವರ್ಷದಿಂದ ನಮಗೆ ಮಾತಿಲ್ಲ.

ನನ್ನ ಹೆಂಡತಿ ಬಸವಣ್ಣೆಮ್ಮನಿಗೆ ಚೀಟಿ ತೋರಿಸಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ದೀಪಾವಳಿಗೆ ಮುಂಚೆ ಕೊಕ್ಕನೂರಿನ ಅಕ್ಕನ ಮನೆಗೆಂದು ಹೋದವಳು ಹೋಗಿದ್ದು ಕೊಕ್ಕನೂರಿಗಲ್ಲವಂತೆ, ದಾವಣಗೆರೆ ಎಸ್.ಎಸ್. ಬಡಾವಣೆಗಂತೆ.

"ನಂಗ್ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಬಿಡ್ತಿದ್ರೇನು? ಗಾಡಿ ಬರೇ ನೆಪ ರೀ. ಅವರಿಗೆ ಬೇಕಾಗಿರೋದು ನೀವು."

ಆಟೊ ತಿರುಗಿಸಿಕೊಂಡು ಹೋಗು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಿಕ್ಕರ್ ಕಣ್ಣಿಗೆ ಬಿತ್ತು. ಅದು ಗಾಡಿಯ ಮೂಲ ಕಿಕ್ಕರ್ ಅಲ್ಲ. ಲೇತಿನಲ್ಲಿ ಮಾಡಿ ಬೆಸೆದದ್ದು. ಚಕ್ರದ ಹಬ್ಬಿನ ನಟ್ಟೂ ಹಾಗೆಯೇ. ಅಪ್ಪ ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟಿದ್ದ ಗಾಡಿಯನ್ನು ತನ್ನ ಲೇತ್ ಅಂಗಡಿಯ ಮಾಲು ತುರುಕಿ ಕೆಡಿಸಿ ಹಾಕಿದ್ದಾನೆ. ಇಳಿಸು ಎಂದೆ.

ಗಾಡಿ ಇಟಲಿಯಿಂದ ಹೇಗೆ ಬಂದಿತ್ತೋ ಹಾಗೆ ಮಾಡುತ್ತೇನೆ. ಒಂದೊಂದು ಭಾಗವೂ ಒರಿಜಿನಲ್. ಮಾಡಿ ಕಳಿಸಿಬಿಡುತ್ತೇನೆ. ಆಮೇಲೆ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ.

12 ನವೆಂಬರ್, ಗುರುವಾರ

ಪೇಂಟ್ ಅಂಗಡಿಯಿಂದ ಮೂರು ಸಣ್ಣ ಡಬ್ಬಿ ತಂದೆ. ಹಸಿರು, ಹಳದಿ, ಕೆಂಪು.

"ಪಡಸಾಲೆಗೆ ರಂಗೋಲಿ ಬಿಡ್ತೀರೇನು?" ಎಂದಳು ಬಸವಣ್ಣೆಮ್ಮ.

ಅವಳಿಗೇನು ಗೊತ್ತು. ಮೂವತ್ತಮೂರು ವರ್ಷ ಲೇತ್ ಕಾರ್ಖಾನೆಯ ಇನ್ಸ್‌ಪೆಕ್ಷನ್ ಮೇಜಿನ ಮೇಲೆ ನನ್ನ ಮುಂದೆ ಇದ್ದದ್ದು ಈ ಮೂರೇ ಡಬ್ಬಿ. ಅಳತೆ ಸರಿಯಿದ್ದರೆ ಹಸಿರು, ಮುಂದೆ ಹೋಗಬಹುದು. ಅಳತೆಗಿಂತ ಕೊಂಚ ದಪ್ಪವಿದ್ದರೆ ಹಳದಿ. ವಾಪಸ್ ಕಳಿಸಿ, ಸವರಿ, ಸರಿ ಮಾಡಿಸಬಹುದು. ಅದಕ್ಕೆ ರೀವರ್ಕ್ ಅನ್ನುವುದು. ಸಣ್ಣದಾಗಿಬಿಟ್ಟಿದ್ದರೆ ಕೆಂಪು. ಕಬ್ಬಿಣ ಮತ್ತೆ ಬೆಳೆಯುವುದಿಲ್ಲವಲ್ಲ. ಕೆಂಪು ಬಿದ್ದದ್ದು ಸ್ಕ್ರ್ಯಾಪ್, ಮತ್ತೆ ಒಳಗೆ ಬರುವ ಹಾಗಿಲ್ಲ.

ಇಲ್ಲಿ ಹಸಿರು ಅಂದರೆ ಗಾಡಿಯ ಜೊತೆ ಹುಟ್ಟಿದ ಭಾಗ, ಕೆಂಪು ಅಂದರೆ ಲೋಕಲ್, ಹಳದಿ ಅಂದರೆ ಅನುಮಾನ. ಹಳದಿ ತಂದದ್ದು ದಂಡ. ನನಗೆ ಅನುಮಾನ ಬರುವುದು ಕಡಿಮೆ.

ಗೋಣಿತಾಟು ಹಾಸಿ ಎಂಜಿನ್ ಇಳಿಸಿದೆ. ಇಳಿಸಿದ ಮೇಲೆ ಏಳಲು ಆಗದೆ ಅಲ್ಲೇ ಅರ್ಧ ಗಂಟೆ ಕುಳಿತಿದ್ದೆ.

15 ನವೆಂಬರ್, ಭಾನುವಾರ

ಮಂಡಿ ಎರಡೂ ಹಿಡಿದಿವೆ. ಆರು ನಟ್ ಬಿಚ್ಚುವಷ್ಟರಲ್ಲಿ ಸಾಕಾಯಿತು.

19 ನವೆಂಬರ್, ಗುರುವಾರ

ಎಂಜಿನ್ನಿನ ಹೊರ ಕೇಸಿಂಗ್ ಮೇಲೆ ನಲವತ್ತೈದು ವರ್ಷದ ಮಡ್ಡಿ. ಸೀಮೆಎಣ್ಣೆ, ಹಲ್ಲುಜ್ಜುವ ಹಳೇ ಬ್ರಷ್ಷು, ಇವೆರಡನ್ನೇ ಹಿಡಿದು ಕುಳಿತೆ. ಮಧ್ಯಾಹ್ನದ ಹೊತ್ತಿಗೆ ನಂಬರು ಕಾಣಿಸಿಕೊಂಡಿತು. ಅಪ್ಪನ ಕಾಲದ ಆರ್.ಸಿ. ಪುಸ್ತಕ ತೆಗೆದು ಒಂದೊಂದೇ ಅಂಕಿ ಬೆರಳಿಟ್ಟು ಓದಿದೆ. ಹೊಂದಿತು. ಎಂಜಿನ್ ನಮ್ಮದೇ. ದೊಡ್ಡದೊಂದು ಹಸಿರು ಬೊಟ್ಟು ಇಟ್ಟೆ.

ಮಿಕ್ಕದ್ದು ಅಷ್ಟು ಸಲೀಸಲ್ಲ. ಒರಿಜಿನಲ್ ಭಾಗದ ಮೇಲಿನ ಹೆಸರು ಅಚ್ಚಿನಲ್ಲೇ ಉಬ್ಬಿಕೊಂಡು ಬಂದಿರುತ್ತದೆ, ಉಗುರು ತಾಗಿಸಿದರೆ ಅಂಚು ಸಿಗುತ್ತದೆ. ಡುಪ್ಲಿಕೇಟ್ ಮಾಲಿನಲ್ಲಿ ಅದೇ ಅಕ್ಷರ ಸವೆದ ನಾಣ್ಯದ ಹಾಗಿರುತ್ತದೆ. ಹಳೆಯ ಬೋಲ್ಟುಗಳ ತಲೆಯ ಮೇಲೂ ಸಣ್ಣ ಗುರುತು ಇರುತ್ತದೆ. ಭೂತಗನ್ನಡಿ ಹಿಡಿದು ಹಿಡಿದು ಕಣ್ಣು ಉರಿಯುತ್ತಿದೆ. ಕಾರ್ಬೊರೇಟರ್ ಹಸಿರು. ಸಿಲಿಂಡರ್ ಹಸಿರು. ಪಿಸ್ಟನ್ ಕೆಂಪು.

ಅಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಭಾನುವಾರ ಈ ಗಾಡಿಯಲ್ಲಿ ನಮ್ಮನ್ನು ಕೊಂಡಜ್ಜಿ ಕೆರೆಗೆ ಕರೆದೊಯ್ಯುತ್ತಿದ್ದರು. ನಾನು ಹಿಂದೆ. ಅವನು ಚಿಕ್ಕವನೆಂದು ಮುಂದೆ, ಅಪ್ಪನ ಕಾಲ ನಡುವೆ ನಿಲ್ಲುತ್ತಿದ್ದ. ಗಾಳಿಯೆಲ್ಲ ಅವನಿಗೇ. ನನಗೆ ಅಪ್ಪನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇದನ್ನು ಯಾಕೆ ಬರೆದೆನೋ.

24 ನವೆಂಬರ್, ಮಂಗಳವಾರ

ಗೋಣಿತಾಟಿನ ಮೇಲೆ ಹಸಿರಿಗಿಂತ ಕೆಂಪೇ ಹೆಚ್ಚು. ಬುಷ್ಷು, ಪಿನ್ನು, ಕಿಕ್ಕರ್, ಕ್ಲಚ್ಚಿನ ಬಟ್ಟಲು, ಎಲ್ಲ ಲೇತ್ ಮಾಲು. ಕೆಟ್ಟ ಕೆಲಸವೆಂದು ಹೇಳಲಾರೆ. ಆದರೆ ಒರಿಜಿನಲ್ ಅಲ್ಲ.

ಊಟಕ್ಕೆ ಕುಳಿತಾಗ ಬಸವಣ್ಣೆಮ್ಮ ಮತ್ತೆ ಶುರು ಮಾಡಿದಳು. "ಯಾವಾಗ ಹೋಗ್ತೀರಿ ನೋಡೋಕೆ?"

"ಎಂಜಿನ್ ಮುಗೀಲಿ."

"ಎಂಜಿನ್ ಕಾಯ್ತೈತೆ. ಮನುಷ್ಯ ಕಾಯ್ತಾನೇನು?"

"ತಪ್ಪು ಮಾಡ್ದೋನು ನಾನಲ್ಲ" ಎಂದೆ. ಅವಳು ರೊಟ್ಟಿ ಹಾಕಿ ಒಳಗೆ ಹೋದಳು. ಪಲ್ಯ ಕೇಳಲು ಧೈರ್ಯ ಬರಲಿಲ್ಲ.

ಬರೆದೇ ಬಿಡುತ್ತೇನೆ. 1984ರಲ್ಲಿ ಅವನು ನಮ್ಮದೇ ಕಾರ್ಖಾನೆಯಲ್ಲಿ ಟರ್ನರ್, ಲೇತ್ ಮೇಲೆ ಕಬ್ಬಿಣ ಕಡೆಯುವವನು. ಟೋಕನ್ ನಂಬರ್ 417. ಒಂದು ದಿನ ಅವನು ಮಾಡಿದ ನಲವತ್ತು ಶಾಫ್ಟು ನನ್ನ ಮೇಜಿಗೆ ಬಂದವು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು ದಪ್ಪ. ನಲವತ್ತೂ ಅಷ್ಟೇ. ಅಣ್ಣ ಇನ್ಸ್‌ಪೆಕ್ಟರು, ತಮ್ಮನ ಮಾಲು ಕಣ್ಣು ಮುಚ್ಚಿ ಪಾಸಾಗುತ್ತದೆ ಎಂದು ಕ್ಯಾಂಟೀನಿನಲ್ಲಿ ಮೊದಲೇ ಆಡಿಕೊಳ್ಳುತ್ತಿದ್ದರು. ಇಡೀ ಸೆಕ್ಷನ್ ನನ್ನ ಕೈಯನ್ನೇ ನೋಡುತ್ತಿತ್ತು. ನಲವತ್ತಕ್ಕೂ ಕೆಂಪು ಹಚ್ಚಿದೆ. ವಿಚಾರಣೆಯಾಗಿ ಅವನಿಗೆ ಮೂರು ದಿನ ಸಸ್ಪೆನ್ಷನ್. ಮೂರು ದಿನ ಕಳೆದ ಮೇಲೆ ಅವನು ಕೆಲಸಕ್ಕೆ ಬರಲೇ ಇಲ್ಲ. ರಾಜೀನಾಮೆ ಕೊಟ್ಟು ದಾವಣಗೆರೆಯಲ್ಲಿ ಒಂದು ಲೇತ್ ಹಾಕಿಕೊಂಡ.

ರೂಲ್ ಅಂದರೆ ರೂಲ್. ತಮ್ಮನಾದರೇನು.

30 ನವೆಂಬರ್, ಸೋಮವಾರ

ಬೆಳಿಗ್ಗೆ ಬಸ್ಸಿಗೆ ದಾವಣಗೆರೆಗೆ ಹೋಗಿ ಖುದ್ದೂಸ್ ಸಾಹೇಬರ ಗುಜರಿ ಅಂಗಡಿ ಹುಡುಕಿದೆ. ಹಳೇ ಸ್ಕೂಟರಿನ ಅಸಲಿ ಭಾಗ ಸಿಕ್ಕರೆ ಅಲ್ಲೇ ಸಿಗಬೇಕು ಎಂದು ಹರಿಹರದ ಮೆಕ್ಯಾನಿಕ್ಕುಗಳೆಲ್ಲ ಹೇಳಿದ್ದರು. ಅರವತ್ತು ದಾಟಿದ ಮನುಷ್ಯ, ಗ್ರೀಸ್ ಹತ್ತಿದ ಬನಿಯನ್ನು. ಪಿಸ್ಟನ್ ಕೊಟ್ಟೆ. ನೋಡಲೂ ಇಲ್ಲ, ಒಳಮೈಗೆ ಬೆರಳಾಡಿಸಿ ಪಕ್ಕಕ್ಕಿಟ್ಟರು.

"ನಕಲಿ. ಆದ್ರೂ ಓಡ್ತೈತೆ."

"ನೋಡ್ದೇನೆ ಹೆಂಗೆ ಹೇಳ್ತೀರಿ?"

"ಅದೇನ್ ದೊಡ್ಡದು ಸಾಬ್? ನಕಲಿ ಮಾಡೋನು ಮುಖ ತೊಳಿತಾನೆ, ಬೆನ್ನು ಬಿಡ್ತಾನೆ. ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಕೈ ಹಾಕಿ ನೋಡ್ರಿ. ಅಲ್ಲೂ ನುಣ್ಣಗೆ ಐತೆ ಅಂದ್ರೆ ಅಸಲಿ."

ಎರಡು ಗಂಟೆ ಹುಡುಕಿ ಪಿಸ್ಟನ್, ಕಿಕ್ಕರ್, ಎರಡು ಬುಷ್ ತೆಗೆದುಕೊಟ್ಟರು. ಕಾಗದದಲ್ಲಿ ಸುತ್ತುತ್ತ ನನ್ನ ಮುಖ ನೋಡಿದರು.

"ನೀವು ವಾಮದೇವಪ್ಪನೋರ ಅಣ್ಣಾರೇನು? ಮೂಗು ಹಂಗೇ ಐತೆ."

ಹೌದು ಎಂದುಬಿಟ್ಟೆ. ಹಿಂತೆಗೆದುಕೊಳ್ಳಲು ಆಗುವ ಮಾತಲ್ಲ.

"ಹೆಂಗದಾರೆ ಈಗ?"

"ಪರವಾಗಿಲ್ಲ" ಎಂದೆ. ನನಗೆ ಹೇಗೆ ಗೊತ್ತು? ಎಸ್.ಎಸ್. ಬಡಾವಣೆಗೆ ಅಲ್ಲಿಂದ ಆಟೊದಲ್ಲಿ ಹತ್ತು ನಿಮಿಷ. ಬಸ್ ಸ್ಟ್ಯಾಂಡಿನಲ್ಲಿ ಒಂದು ಪೊಟ್ಟಣ ಮಂಡಕ್ಕಿ ತೆಗೆದುಕೊಂಡು ಹರಿಹರದ ಬಸ್ಸು ಹತ್ತಿದೆ. ತಿನ್ನಲು ಮನಸ್ಸಾಗದೆ ಪೊಟ್ಟಣವನ್ನು ಹಾಗೇ ಮನೆಗೆ ತಂದೆ.

6 ಡಿಸೆಂಬರ್, ಭಾನುವಾರ

ತುಂಬ ದಿನದ ಮೇಲೆ ಮನಸ್ಸಿಗೆ ಹಿತವಾದ ದಿನ. ಗೇರ್ ಬಾಕ್ಸ್ ಬಿಚ್ಚಿದೆ. ಗೇರುಗಳೆಲ್ಲ ಕೂರುವ ಶಾಫ್ಟು ಕೈಗೆ ಬಂತು. ಒಂದು ತುದಿಯಲ್ಲಿ ಬೇರಿಂಗ್ ಕಚ್ಚಿಕೊಂಡು ಕುಳಿತಿದೆ, ಅದನ್ನು ಆಮೇಲೆ ಕಿತ್ತರಾಯಿತು. ಒರೆಸಿ ಬೆಳಕಿಗೆ ಹಿಡಿದರೆ ಒಂದು ಗೆರೆಯಿಲ್ಲ. ನನ್ನ ಸ್ವಂತ ಮೈಕ್ರೊಮೀಟರ್ ತೆಗೆದೆ. ಇನ್ನೊಂದು ತುದಿಯಲ್ಲಿ ಬೇರಿಂಗ್ ಕೂರುವ ಜಾಗವನ್ನು ಮೂರು ಕಡೆ ಅಳೆದೆ, ತಿರುಗಿಸಿ ಮತ್ತೆ ಮೂರು ಕಡೆ. ಅಷ್ಟೂ ಒಂದೇ. ಗೇರಿನ ಅಡಿಯಲ್ಲಿ ಅಡಗಿರುವ ಸಣ್ಣ ತೋಡುಗಳ ಒಳಗೆ ಉಗುರು ಹಾಕಿ ಎಳೆದೆ. ಖುದ್ದೂಸ್ ಹೇಳಿದ ಹಾಗೆ ಯಾರ ಕಣ್ಣಿಗೂ ಬೀಳದ ಜಾಗ. ಅಲ್ಲೂ ನುಣ್ಣಗೆ.

ಇದು ಇಟಲಿಯವರ ಕೈ. ಯಾರೋ ಒಬ್ಬ ಟರ್ನರ್ ನಲವತ್ತೈದು ವರ್ಷದ ಹಿಂದೆ ಇದನ್ನು ಯಾರೂ ನೋಡುವುದಿಲ್ಲ ಎಂದು ಗೊತ್ತಿದ್ದೂ ಇಷ್ಟು ನಿಷ್ಠೆಯಿಂದ ಮಾಡಿದ್ದಾನೆ. ಅವನಿಗೆ ಒಂದು ನಮಸ್ಕಾರ. ಇಂಥ ಕೈ ನಮ್ಮಲ್ಲಿ ಎಲ್ಲಿದೆ? ಮೂವತ್ತಮೂರು ವರ್ಷದಲ್ಲಿ ನನ್ನ ಮೇಜಿಗೆ ಇಂಥ ಮಾಲು ನಾಲ್ಕು ಸಲ ಬಂದಿದ್ದರೆ ಹೆಚ್ಚು.

ಹಸಿರು.

11 ಡಿಸೆಂಬರ್, ಶುಕ್ರವಾರ

ಪಕ್ಕದ ಮನೆಗೆ ಫೋನ್ ಬಂದಿತ್ತು. ಅವನಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ. ಬಸವಣ್ಣೆಮ್ಮ ಇದ್ದ ಸೀರೆಯಲ್ಲೇ ಹೊರಟಳು. ಗೇಟಿನ ಹತ್ತಿರ ಒಂದು ಗಳಿಗೆ ನಿಂತಳು. ನಾನು ಕ್ಲಚ್ ಪ್ಲೇಟು ತೊಳೆಯುತ್ತಿದ್ದೆ. ಹೋದಳು.

ಅದೇ ನಾಲ್ಕು ಪ್ಲೇಟನ್ನು ಸಂಜೆವರೆಗೂ ತೊಳೆದೆ.

13 ಡಿಸೆಂಬರ್, ಭಾನುವಾರ

ಜ್ವರ ಇಳಿದು ಮನೆಗೆ ಕರೆತಂದರಂತೆ. ಬಸವಣ್ಣೆಮ್ಮ ವಾಪಸ್ ಬಂದಳು. ಅವಳು ನೇರ ಅಡುಗೆಮನೆಗೆ ಹೋದಳು, ನಾನು ಮತ್ತೆ ಕ್ಲಚ್ ಹಿಡಿದು ಕುಳಿತೆ. ಶುಗರ್ ಜಾಸ್ತಿಯಾಗಿದೆ.

17 ಡಿಸೆಂಬರ್, ಗುರುವಾರ

ಶಾಫ್ಟಿಗೆ ಹೊಸ ಬೇರಿಂಗ್ ಬೇಕು. ಅಂಗಿಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಖುದ್ದೂಸ್ ಸಾಹೇಬರ ಅಂಗಡಿಗೆ ಹೋದೆ. ಕೈಯಲ್ಲಿ ಹಿಡಿದು ತೂಗಿ ನೋಡಿದರು. ಕನ್ನಡಕ ಹಾಕಿಕೊಂಡರು. ಅವರು ಕನ್ನಡಕ ಹಾಕಿಕೊಂಡದ್ದನ್ನು ಹೋದ ಸಲ ನೋಡಿರಲಿಲ್ಲ.

"ಇದು ಇಟಲಿದು ಅಂತ ಯಾರ್ ಹೇಳಿದ್ದು?"

"ನಾನೇ ಅಳದೀನಿ. ಒಳಮೈನೂ ನುಣ್ಣಗೈತೆ. ನೀವೇ ಹೇಳಿದ್ರಲ್ಲ."

"ಮಾಲು ಅಸಲಿ, ಅದ್ರಾಗೆ ಮಾತಿಲ್ಲ. ಆದ್ರೆ ಇಟಲಿದಲ್ಲ ಸಾಬ್. ಇಟಲಿ ಶಾಫ್ಟು ಮುರಿದು ನನ್ನ ಗುಜರಿಗೇ ಬಂದಿತ್ತು. ಹನ್ನೆರಡು ವರ್ಷದ ಮಾತು. ಈ ಗಾಡಿದೇ."

"ಹಂಗಾದ್ರೆ ಇದು ಯಾರ್ದು?"

ಖುದ್ದೂಸ್ ಶಾಫ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಬೇರಿಂಗ್ ಕಿತ್ತು ತುದಿ ನೋಡ್ರಿ. ನಾ ಯಾಕೆ ಹೇಳ್ಲಿ?"

ಸಿಟ್ಟು ಬಂತು. ಗುಜರಿಯವನು ನನಗೆ ಮಾಲು ಗುರುತಿಸುವುದನ್ನು ಹೇಳಿಕೊಡುತ್ತಾನೆ. ಬೇರಿಂಗ್ ತೆಗೆದುಕೊಳ್ಳದೆ ಬಂದೆ.

18 ಡಿಸೆಂಬರ್, ಶುಕ್ರವಾರ

ಬೇರಿಂಗ್ ಕಿತ್ತೆ. ಬರಲು ಒಪ್ಪಲಿಲ್ಲ, ಬಿಸಿ ಎಣ್ಣೆ ಹುಯ್ದು ಕೀಳಬೇಕಾಯಿತು. ಅಡಿಯಲ್ಲಿ ಶಾಫ್ಟಿನ ತುದಿ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಕಪ್ಪು ಹಿಡಿದಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದೆ.

417. ಅದರ ಕೆಳಗೆ 86.

ಮತ್ತೆ ಉಜ್ಜಿದೆ. ಅದೇ.

ನಮ್ಮ ಕಾರ್ಖಾನೆಯ ಪದ್ಧತಿ ಹೀಗೆ: ಮಾಲು ಮಾಡಿದವನು ತುದಿಯ ಎಡಗಡೆ ತನ್ನ ಟೋಕನ್ ನಂಬರು, ಅದರ ಕೆಳಗೆ ವರ್ಷ, ಉಕ್ಕಿನ ಅಚ್ಚಿಗೆ ಸುತ್ತಿಗೆ ಕೊಟ್ಟು ಪಂಚ್ ಹೊಡೆಯಬೇಕು. ಬಲಗಡೆ ಜಾಗ ಬಿಡಬೇಕು. ಅಲ್ಲಿ ಇನ್ಸ್‌ಪೆಕ್ಟರ್ ತನ್ನ ಪಂಚ್ ಹೊಡೆಯುತ್ತಾನೆ. ನನ್ನದು ತ್ರಿಕೋನದೊಳಗೆ ಒಂಬತ್ತು. ಎರಡೂ ಬಿದ್ದರೆ ಮಾಲು ಪೂರ್ತಿಯಾದ ಹಾಗೆ.

ಎಂಬತ್ತಾರು. ಅವನು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅವನಿಗೆ ಟೋಕನ್ನೂ ಇರಲಿಲ್ಲ, ನಂಬರೂ ಇರಲಿಲ್ಲ, ಸ್ವಂತ ಅಂಗಡಿಯಲ್ಲಿ ನೋಡುವವರೂ ಯಾರೂ ಇರಲಿಲ್ಲ. ಆದರೂ ಎಡಗಡೆ 417 ಹೊಡೆದು ಬಲಗಡೆ ಖಾಲಿ ಬಿಟ್ಟಿದ್ದಾನೆ.

ಕೈಗೆ ಅಂಟಿದ ಅಭ್ಯಾಸ ಇರಬಹುದು. ಅಷ್ಟೇ ಇರಬಹುದು.

20 ಡಿಸೆಂಬರ್, ಭಾನುವಾರ

ಇವತ್ತು ಏನೂ ಮಾಡಲಿಲ್ಲ.

22 ಡಿಸೆಂಬರ್, ಮಂಗಳವಾರ

ನವೆಂಬರ್ 24ರಂದು ಬರೆದದ್ದನ್ನು ತಿರುಗಿ ಓದಿದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಒಂದು ಮಾತು ಬಿಟ್ಟಿದ್ದೇನೆ.

ನಲವತ್ತು ಶಾಫ್ಟೂ ಎರಡು ಪಾಲು ದಪ್ಪ ಇದ್ದವು. ದಪ್ಪ. ಸಣ್ಣ ಅಲ್ಲ. ದಪ್ಪವಿದ್ದದ್ದಕ್ಕೆ ಹಳದಿ ಹಚ್ಚಬೇಕು. ಗ್ರೈಂಡಿಂಗ್‌ಗೆ ಕಳಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ನಲವತ್ತೂ ಸರಿಯಾಗುತ್ತಿದ್ದವು. ಬೇರೆ ಯಾರದೇ ಮಾಲಾಗಿದ್ದರೂ ನಾನು ಹಳದಿಯನ್ನೇ ಹಚ್ಚುತ್ತಿದ್ದೆ, ಆ ವಾರವೇ ಇನ್ನೊಬ್ಬನದಕ್ಕೆ ಹಚ್ಚಿದ್ದೆ ಕೂಡ. ತಮ್ಮನ ಕಡೆ ವಾಲಿದ ಅನ್ನುತ್ತಾರೆ ಎಂಬ ಭಯಕ್ಕೆ ಕೆಂಪು ಡಬ್ಬಿಗೆ ಬ್ರಷ್ ಅದ್ದಿದೆ. ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ. ನನ್ನ ಸಹಿಯ ಮೇಲೆ ಅಷ್ಟು ನಂಬಿಕೆ ಅವರಿಗೆ. ನಾನೂ ಬಾಯಿ ಬಿಡಲಿಲ್ಲ.

ಸಸ್ಪೆನ್ಷನ್ ಕಾಗದ ಕೈಗೆ ಬಂದ ದಿನ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತಿದ್ದ. ಜಗಳ ಆಡಲಿಲ್ಲ. "ಅಣ್ಣಾ, ಹಳದಿ ಹಚ್ಚಬೋದಿತ್ತಲ್ಲೋ" ಅಂದ. ಅಷ್ಟೇ. ನಾನು ತಲೆ ಎತ್ತಲಿಲ್ಲ. ಮುಂದಿನ ಮಾಲು ಅಳೆಯುತ್ತಿದ್ದೆ.

ರೂಲ್ ಅಂದರೆ ರೂಲ್ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ರೂಲ್ ಮುರಿದವನು ನಾನು. ಇದನ್ನು ಬರೆಯಲು ಹದಿನಾಲ್ಕು ವರ್ಷ ಬೇಕಾಯಿತು. ನಾಚಿಕೆಯಾಗುತ್ತದೆ.

26 ಡಿಸೆಂಬರ್, ಶನಿವಾರ

ಖುದ್ದೂಸ್ ಅಂಗಡಿಯಿಂದ ತಂದ ಬುಷ್, ಕಿಕ್ಕರ್ ಎರಡನ್ನೂ ಮತ್ತೆ ಕಾಗದದಲ್ಲಿ ಸುತ್ತಿಟ್ಟೆ. ಕೆಂಪು ಹಚ್ಚಿದ್ದ ಭಾಗಗಳನ್ನು ಒಂದೊಂದಾಗಿ ಅಳೆದೆ. ಮೊದಲೇ ಅಳೆಯಬೇಕಿತ್ತು, ಒರಿಜಿನಲ್ ಅಲ್ಲ ಎಂದು ಗೊತ್ತಾದ ಮೇಲೆ ಅಳೆಯುವ ಗೋಜಿಗೇ ಹೋಗಿರಲಿಲ್ಲ. ಪಿನ್ ಸರಿಯಿದೆ. ಕ್ಲಚ್ಚಿನ ಬಟ್ಟಲು ಸರಿಯಿದೆ. ಬುಷ್ ಒಂದು ಮಾತ್ರ ಸವೆದಿದೆ, ಅದೂ ಓಡಿ ಓಡಿ. ಪ್ರತಿಯೊಂದನ್ನೂ ತಿರುಗಿಸಿ ನೋಡಿದೆ. ಎಲ್ಲೆಲ್ಲಿ ಪಂಚ್ ಹಿಡಿಸುವಷ್ಟು ಜಾಗವಿದೆಯೋ ಅಲ್ಲೆಲ್ಲ 417, ಬಲಗಡೆ ಖಾಲಿ.

ಅಭ್ಯಾಸ ಅಲ್ಲ.

ಕೆಂಪನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಬಸವಣ್ಣೆಮ್ಮ ಬಂದು ಪಕ್ಕದಲ್ಲಿ ಕುಳಿತು ಇನ್ನೊಂದು ಚಿಂದಿ ತೆಗೆದುಕೊಂಡಳು. ನಾನು ತೊಳೆದದ್ದನ್ನು ಅವಳು ಒರೆಸಿದಳು.

"ದೇವು ಕೈ ಚಲೋ ಇತ್ತು" ಎಂದೆ. ಮನೆಯಲ್ಲಿ ಅವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದದ್ದು.

"ಇತ್ತು ಅನ್ನಬ್ಯಾಡ್ರಿ" ಎಂದಳು. "ಎಡಗೈ ಇನ್ನೂ ಐತೆ."

31 ಡಿಸೆಂಬರ್, ಗುರುವಾರ

ಎಂಜಿನ್ ಮುಗಿಯಲು ಇನ್ನೂ ಎರಡು ವಾರ ಬೇಕು. ಶಾಫ್ಟು ಕೂರಿಸಿ ಕೇಸಿಂಗ್ ಮುಚ್ಚಿದರೆ ತುದಿ ಮತ್ತೆ ಯಾರಿಗೂ ಕಾಣುವುದಿಲ್ಲ.

ಭಾನುವಾರ ಹೋಗುತ್ತೇನೆ. ಎಂಜಿನ್ ಮುಗಿಯುವುದಕ್ಕೆ ಕಾಯುವುದಿಲ್ಲ.

3 ಜನವರಿ 1999, ಭಾನುವಾರ

ಹೊಸ ಡೈರಿ ತಂದಿಲ್ಲ. ಹಳೆಯದರ ಕೊನೆಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಬಟ್ಟೆ ಚೀಲದಲ್ಲಿ ಶಾಫ್ಟು, ಮೈಕ್ರೊಮೀಟರು, ಬಣ್ಣದ ಡಬ್ಬಿಗಳು. ಹಸಿರೊಂದೇ ಸಾಕಿತ್ತು. ಮೂರೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿದ್ದವು, ಹಾಗೇ ಹಾಕಿಕೊಂಡೆ. ಬಸವಣ್ಣೆಮ್ಮ ಬರುತ್ತೀನೆನ್ನಲಿಲ್ಲ. "ಇಬ್ರೇ ಮಾತಾಡ್ಕೊಳ್ರಿ" ಅಂದಳು. ಬಸ್ಸಿನಲ್ಲಿ ಏನು ಮಾತಾಡಬೇಕು ಎಂದು ಯೋಚಿಸುತ್ತ ಕುಳಿತೆ. ದಾವಣಗೆರೆ ಬಂದರೂ ಒಂದು ವಾಕ್ಯವೂ ಕೂಡಿಬರಲಿಲ್ಲ.

ಬಾಗಿಲು ತೆಗೆದ ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಬರ್ರಿ ಭಾವಾರೇ, ಕೂಡ್ರಿ. ಒಳಗೇ ಬರ್ರಿ" ಎಂದಳು.

ದೇವು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಾಯಿ ಒಂದು ಕಡೆ ಎಳೆದಿದೆ. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಹೋದ ಹಾಗೆ ಬಿದ್ದಿತ್ತು. ಆ ಶಾಫ್ಟು ಮಾಡಿದ ಕೈ ಅದು. ನನಗೆ ನೋಡಲಾಗಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ, ಕಣ್ಣು ಮಿಟುಕಿಸದೆ.

ಚೀಲದಿಂದ ಶಾಫ್ಟು ತೆಗೆದು ಅವನ ಎಡಗೈಗೆ ಕೊಟ್ಟೆ.

ತಕ್ಷಣ ಗುರುತು ಹಿಡಿದ. ತಿರುಗಿಸಿ ತುದಿಯ ಮೇಲೆ ಹೆಬ್ಬೆರಳಿಟ್ಟು ಸವರಿದ. ಬಹಳ ಹೊತ್ತು ಸವರಿದ.

"ಸೈ... ಸೈಜು?" ಎಂದು ಕೇಳಿದ.

"ಎಲ್ಲಾ ಕಡೆ ಸರಿ ಐತೆ. ಕೂದ್ಲೆಳೆನೂ ಆ ಕಡೆ ಈ ಕಡೆ ಇಲ್ಲ. ಲೇ ದೇವು, ನಾ ಇದನ್ನ ಇಟಲಿದು ಅಂತ ಹಸಿರು ಹಚ್ಚಿದ್ದೆ ಗೊತ್ತೇನು?"

ಅವನ ಮುಖದ ಅರ್ಧ ಭಾಗ ನಕ್ಕಿತು. ಶಾಫ್ಟಿನ ತುದಿಯನ್ನು ನನ್ನ ಕಡೆ ತಿರುಗಿಸಿ, ಬಲಗಡೆಯ ಖಾಲಿ ಜಾಗಕ್ಕೆ ಗದ್ದದಿಂದ ಸನ್ನೆ ಮಾಡಿದ.

"ಹೊಡಿ."

"ಪಂಚ್ ಎಲ್ಲೈತೆ? ರಿಟೈರ್ ಆದ ದಿನ ಸ್ಟೋರ್ಸಿಗೆ ಕೊಟ್ಟು ರಸೀದಿ ತಗಂಡೆ" ಎಂದೆ. "ಅಲ್ಲದೆ ಕಾಸಿ ಗಟ್ಟಿ ಮಾಡಿದ ಮೇಲೆ ಪಂಚ್ ಕೂಡ್ತೈತೇನು? ಮೊದ್ಲೇ ಹೊಡೀಬೇಕಿತ್ತು."

"ಹ್ಞೂಂ. ಮೊದ್ಲೇ" ಎಂದ.

ಹಸಿರು ಡಬ್ಬಿ ತೆರೆದು ಖಾಲಿ ಜಾಗಕ್ಕೆ ಒಂದು ಬೊಟ್ಟಿಟ್ಟೆ. ಬಣ್ಣ ಜಾಸ್ತಿಯಾಗಿ ಅದು ನಾಲ್ಕರ ಅರ್ಧ, ಒಂದು, ಏಳು, ಎಲ್ಲದರ ಮೇಲೂ ಹರಡಿತು. ಮೂವತ್ತಮೂರು ವರ್ಷದಲ್ಲಿ ಇಷ್ಟು ಕೆಟ್ಟದಾಗಿ ಎಂದೂ ಬಣ್ಣ ಹಚ್ಚಿರಲಿಲ್ಲ.

"ಆ ನಲವತ್ತು ಶಾಫ್ಟು" ಎಂದೆ. "ಅವಕ್ಕೆ ಹಳದಿ ಹಚ್ಚಬೇಕಿತ್ತು ದೇವು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಕೆಂಪು ಹಚ್ಚಿದೆ. ತಪ್ಪು ನಂದು."

ಅವನು ಕಣ್ಣು ಮುಚ್ಚಿಕೊಂಡ. ನಿದ್ದೆ ಬಂತೇನೋ ಎಂದುಕೊಂಡೆ, ಅಥವಾ ನನ್ನ ಮುಖ ನೋಡುವುದು ಬೇಡವೆನಿಸಿತೇನೋ. ಅಡುಗೆಮನೆಯಲ್ಲಿ ಹಾಲಮ್ಮ ಚಹಾ ಸೋಸುವ ಸದ್ದು ಕೇಳಿಸುತ್ತಿತ್ತು. ಎದ್ದು ಹೋಗಬೇಕೆಂದು ಚೀಲ ಎತ್ತಿಕೊಂಡೆ. ಅವನು ಎಡಗೈ ಚಾಚಿ ಚೀಲದ ಹಿಡಿಕೆ ಹಿಡಿದ. ಬಿಡಲಿಲ್ಲ. ಒಳಗೆ ಕೈ ಹಾಕಿ ಡಬ್ಬಿಗಳನ್ನು ತಡಕಾಡಿ ಹಳದಿ ಡಬ್ಬಿ ಎತ್ತಿದ. ಒಂದು ಕೈಯಲ್ಲಿ ಮುಚ್ಚಳ ತೆಗೆಯಲು ಬರಲಿಲ್ಲ. ಚಹಾ ತಂದ ಹಾಲಮ್ಮನಿಗೆ, "ತೆ... ತೆಗಿ" ಎಂದ. ಅವಳು ತೆಗೆದುಕೊಟ್ಟಳು.

ತೋರುಬೆರಳು ಅದ್ದಿದ. ಆಮೇಲೆ ನನ್ನ ಬಲಗೈ ಎಳೆದುಕೊಂಡು, ಹಿಂಗೈ ಮೇಲೆ ನಿಧಾನವಾಗಿ ಒಂದು ಬೊಟ್ಟಿಟ್ಟ. ಸರಿಯಾಗಿ ದುಂಡಗೆ.

"ಅಯ್ಯೋ, ಭಾವಾರ ಕೈ ಯಾಕ ಹೊಲಸು ಮಾಡ್ತೀರಿ?" ಎಂದು ಹಾಲಮ್ಮ ಬಟ್ಟೆ ತರಲು ಓಡಿದಳು.

ದೇವು ಅವಳ ಕಡೆ ನೋಡಲಿಲ್ಲ. "ಅಣ್ಣಾ" ಎಂದ. ಉಸಿರು ತೆಗೆದುಕೊಂಡ. "ಸ್ಕ್ರ್ಯಾಪ್... ಅಲ್ಲ."

ಹಾಲಮ್ಮನ ಎದುರಿಗೇ ಅತ್ತುಬಿಟ್ಟೆ. ಅವಳಿಗೆ ಏನೂ ಅರ್ಥವಾಗದೆ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡುತ್ತ ಬಟ್ಟೆ ಹಿಡಿದು ನಿಂತಿದ್ದಳು.

ಸಂಕ್ರಾಂತಿ ದಿನ ಗಾಡಿ ತರುತ್ತೇನೆಂದು ಹೇಳಿ ಬಂದಿದ್ದೇನೆ. ಕ್ಲಚ್ ಜೋಡಿಸುವಾಗ ಯಾವ ವಾಷರ್ ಮೊದಲು ಬರಬೇಕೆಂದು ಅವನನ್ನೇ ಕೇಳಬೇಕು, ಮಧ್ಯೆ ಒಂದೆರಡು ಸಲ ಹೋಗಿ ಬರಬೇಕಾಗುತ್ತದೆ.

ಮನೆಗೆ ಬಂದಾಗ ಬಸವಣ್ಣೆಮ್ಮ ಕೈ ನೋಡಿ "ಏನ್ರಿ ಅದು?" ಎಂದಳು. ಬಣ್ಣ ಎಂದೆ. ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ. ಇವತ್ತು ಬೇಡ, ನಾಳೆ ನೋಡೋಣ.